ಹೂವಿಗೂ ದಾಳಕ್ಕೂ

ತೆಂಕಣ ಲೆಬನಾನಿನ ಈ ಗುಡ್ಡದೂರಿನಲ್ಲಿ
ಹೂವಿಗೂ ಝಹರ್, ದಾಳಕ್ಕೂ ಝಹರ್.
ಯಾವುದೆಂದು ತಿಳಿಯಲು ಕೈ ನೋಡಬೇಕು:
ಮುಷ್ಟಿ ಬಿಗಿದಿದ್ದರೆ ದಾಳ,
ಅಂಗೈ ತೆರೆದಿದ್ದರೆ ಹೂವು.

ಈ ಮಾತೇ ಹಡಗು ಹತ್ತಿ ಪಡುವಣಕ್ಕೆ ಹೋಗಿ
ಜೂಜಿನ ಹಲಗೆಗಳ ಮೇಲೆ ಉರುಳಿ ಉರುಳಿ
ಹಜಾರ್ಡ್ ಆಯಿತು ಎನ್ನುತ್ತಾರೆ ಬಲ್ಲವರು.
ಅಲ್ಲ ಎನ್ನುವ ಬಲ್ಲವರೂ ಇದ್ದಾರೆ.

ವಫೀಖಾಳಿಗೆ ಅದರ ಗೊಡವೆಯಿಲ್ಲ.
ಅವಳ ಕಸುಬಿಗೆ ಒಂದೇ ಪದ ಸಾಕು,
ಕೆಂಪು ತ್ರಿಕೋನದ ಮೇಲಿರುವುದು: ಖತರ್.
ಮುಖಕ್ಕೆ ಕವಚ ಇಳಿಸಿ, ಮೊಣಕಾಲೂರಿ,
ಮೀಟರಿನಗಲದ ಓಣಿಯಲ್ಲಿ ದಿನಕ್ಕಿಷ್ಟು ಎಂದು ನೆಲ ಓದುತ್ತಾಳೆ,
ಬೆರಳಿಗಿಂತ ಮೊದಲು ಸಲಾಕೆ ಚಾಚಿ.
ಓದಿದ ಕಡೆಗೆ ಕಲ್ಲಿನ ಬಿಳಿ ಮುಖ,
ಓದದ ಕಡೆಗೆ ಕೆಂಪು.
ಕಲ್ಲು ಅದೇ.

ಆ ಖತರ್ ನಮ್ಮ ಸಂತೆಗೂ ಬಂದದ್ದುಂಟು,
ಮೀಸೆ ತಿರುವಿಕೊಂಡು, ಖತರ್ನಾಕ್ ಆಗಿ.
ಅದೇ ಬೇರಿನ ಇನ್ನೊಂದು ಕುಡಿ ಖಾತರಿ
ಕಚೇರಿಯ ಕಾಗದದಲ್ಲಿ ಮರ್ಯಾದಸ್ಥನಂತೆ ಕೂತಿದೆ.
ಒಂದೇ ಮನೆಯ ಮಕ್ಕಳು;
ಬೀದಿಯಲ್ಲಿ ಎದುರಾದರೆ ಗುರುತು ಹೇಳುವುದಿಲ್ಲ.

ಫೆಬ್ರವರಿಯಲ್ಲಿ ಓಣಿ ಬಾದಾಮಿ ಮರದ ಬುಡ ಮುಟ್ಟಿತು.
ಮೇಲೆ ಹೂವೋ ಹೂವು.
ಕೆಳಗೆ, ಸಿಗಬಾರದ್ದು ಸಿಕ್ಕಿತು:
ಸಿಗರೇಟಿನ ತುಂಡುಗಳು, ಹಳೆಯವು, ಹೊಸವು,
ತುಕ್ಕು ಹಿಡಿದ ಮೀನಿನ ಡಬ್ಬಿ,
ಟೊಂಗೆ ಸವರಿದ ಗಾಯ, ಹೋದ ಚಳಿಗಾಲದ್ದು.
ಕೆಂಪು ಕಲ್ಲುಗಳಿಂದ ನಲವತ್ತು ಹೆಜ್ಜೆ ಒಳಗೆ
ಯಾರೋ ವರ್ಷ ವರ್ಷ ಬಂದು ಹೋದ, ಮೇಕೆಯಗಲದ ಕಾಲುದಾರಿ.
ದಾರಿಯಿಂದ ಒಂದು ಗೇಣಿಗೆ
ನಿಂಬೆಗಾತ್ರದ್ದೊಂದು, ಬಿಳಿ ಪಟ್ಟಿಯ ಬಾಲದ್ದು,
ಮಣ್ಣಿನಲ್ಲಿ ಹದಿಮೂರು ವರ್ಷದಿಂದ ಮಲಗಿತ್ತು.

ಆ ಜಾತಿಯ ಸಿಗರೇಟು ಸೇದುವವನು ಊರಿಗೆಲ್ಲ ಒಬ್ಬನೇ.
ಸಂಜೆ ಚಹಾದಂಗಡಿಯಲ್ಲಿ ಅಬು ನಿಮ್ರ್
ದು-ಶೇಷ್ ಬಿದ್ದ ಖುಷಿಯಲ್ಲಿ ಕಾಯಿ ನಡೆಸುತ್ತಿದ್ದ.
'ಹೌದು, ನಾನೇ,' ಅಂದ, ಏನೂ ಮುಜುಗರವಿಲ್ಲದೆ.
'ಬೋರ್ಡು ಓದೋಕೆ ಮರಕ್ಕೆ ಬರುತ್ತಾ, ಮಗಳೆ?
ಅದು ಚಿಗುರುತ್ತೆ. ಸವರಬೇಕು.'

ಹೇಳಬಾರದಿತ್ತೋ ಏನೋ. ಹೇಳಿದಳು.
ಮೇಜಿನ ಮೇಲೆ ಹೆಬ್ಬೆರಳು ಕಿರುಬೆರಳು ಚಾಚಿ
ಆ ಗೇಣನ್ನು ಅಳೆದೂ ತೋರಿಸಿದಳು.

ಮುದುಕ ನೋಡಿದ.
ದಾಳ ಮುಷ್ಟಿಯಲ್ಲೇ ಇತ್ತು. ಎದುರಾಳಿ 'ಯಲ್ಲಾ' ಅಂದ,
ಇನ್ನೊಮ್ಮೆ ಅಂದ. ಚಹಾ ಆರಿತು.
ಹದಿಮೂರು ವರ್ಷ, ಹೋಗುವಾಗೊಮ್ಮೆ, ಬರುವಾಗೊಮ್ಮೆ,
ಕಾಯಿ ಕೀಳಲು ಮತ್ತೆ, ಒಂದು ಸಲ ಬರೀ ನೆರಳಿಗೆಂದು...
ಲೆಕ್ಕ ಮಾಡುವ ತುಟಿ ಕಾಣುತ್ತಿತ್ತು.
ಎಸೆದೆನೆಂದೇ ತಿಳಿಯದೆ ಎಸೆದ ದಾಳಗಳೆಲ್ಲ
ಈಗ ಒಟ್ಟಿಗೆ ಹಲಗೆಗೆ ಬಂದು ಬೀಳುತ್ತಿದ್ದವು,
ನಿಲ್ಲುತ್ತಲೇ ಇರಲಿಲ್ಲ.

ಅಪಾಯವೆಂದರೆ ದೂರ ಸರಿಯುವುದು, ಉಪಾಯವೆಂದರೆ ಬಳಿ ಸಾರುವುದು
ಎಂದು ಎಂದೋ ಓದಿದ್ದೆ, ಧಾತು ಬಿಡಿಸಿದ ಪುಟದಲ್ಲಿ.
ಅವನ ಎಡಗಾಲು ಮೇಜಿನಡಿ ಮೆಲ್ಲನೆ ಹಿಂದೆ ಸರಿದದ್ದು ಕಂಡಾಗ
ನೆನಪಾಯಿತು.

ಏಪ್ರಿಲಿನಲ್ಲಿ ಹೊಲ ಒಪ್ಪಿಸಿದರು, ರುಜು, ಮೊಹರು,
ಇಪ್ಪತ್ತು ಸೆಂಟಿಮೀಟರ್ ಆಳದವರೆಗೆ ಶುದ್ಧ ಎಂಬ ಖಾತರಿ.
ಅದರ ಕೆಳಗಿನ ಮಾತು ಕಾಗದ ಎತ್ತುವುದಿಲ್ಲ.
ವಫೀಖಾ ತ್ರಿಕೋನಗಳನ್ನು ಕಿತ್ತು
ಊಟದ ತಟ್ಟೆ ಜೋಡಿಸುವಂತೆ ಟ್ರಕ್ಕಿಗೆ ಜೋಡಿಸಿದಳು.
ಮೇಕೆ ನುಗ್ಗಿದವು. ಹುಡುಗರು ನುಗ್ಗಿದರು.
ಮೊಮ್ಮಗಳು ತಾಲೀನ್ ಮರ ಹತ್ತಿ
ಎಳೆ ಬಾದಾಮಿ, ಇನ್ನೂ ತುಪ್ಪುಳ ಬಿಡದ್ದು,
ಲಂಗದ ತುಂಬ ಕಿತ್ತಳು.

ಅಬು ನಿಮ್ರ್ ಬದುವಿನ ಮೇಲೆ, ಗರಗಸ ಹಿಡಿದು.
ಹೆಜ್ಜೆ ಎತ್ತಿದ. ಇಟ್ಟ, ಎತ್ತಿದಲ್ಲಿಗೇ.

'ಜಿದ್ದೋ, ಉಪ್ಪು ತಂದಿದ್ದೀಯಾ?' ಕೂಗಿದಳು ಹುಡುಗಿ.
ಜೇಬಿನಲ್ಲಿತ್ತು, ಕಾಗದದ ಪೊಟ್ಟಣ.
ತೆಗೆದ, ಮುಷ್ಟಿಯಲ್ಲಿ ಒಂದೆರಡು ಸಲ ಅಲುಗಿಸಿದ,
ಅಲ್ಲಿಂದಲೇ ಎಸೆದ.